ಓಗೊಡುವ ಲಿಬೊರಿಯಾ

ಲೀಮಾ ನಗರದ ದಕ್ಷಿಣ ತುದಿಯಲ್ಲಿ, ಬಸ್ಸುಗಳು ಸಾಕಪ್ಪಾ ಸಾಕು ಎಂದು ತಿರುಗಿಬಿಡುವ ಜಾಗದಿಂದಾಚೆ, ಸಾಂತಾ ಉರ್ಸುಲಾ ಎಂಬ ಮರಳುಗುಡ್ಡವಿದೆ. ಅಲ್ಲಿ ಮಳೆ ಬರುವುದಿಲ್ಲ, ಮಂಜು ಬರುತ್ತದೆ. ಜೂನ್ ತಿಂಗಳಲ್ಲಿ ಸಮುದ್ರದಿಂದ ಎದ್ದು ಬಂದದ್ದು ಅಕ್ಟೋಬರಿನವರೆಗೂ ಕದಲುವ ಮಾತೇ ಆಡುವುದಿಲ್ಲ. ಎದುರು ಮನೆ ಕಾಣುವುದಿಲ್ಲ. ಎದುರು ಮನೆಯವರ ಜಗಳ ಮಾತ್ರ ಸೊಗಸಾಗಿ ಕೇಳುತ್ತದೆ. ಹಾಗಾಗಿ ಆ ಗುಡ್ಡದವರು ಒಬ್ಬರನ್ನೊಬ್ಬರು ಮುಖಕ್ಕಿಂತ ಹೆಚ್ಚಾಗಿ ದನಿಯಿಂದಲೇ ಬಲ್ಲರು. ಲಿಬೊರಿಯಾಳ ದನಿಯನ್ನಂತೂ ಅರಿಯದವರೇ ಇರಲಿಲ್ಲ. ಸಂಜೆ, ಹಗಲು ಮಕ್ಕಳನ್ನು ಬಿಟ್ಟುಹೋಗುವ ಕೂಸಿನ ಮನೆಯ ಒಳಗಿನಿಂದ ಆ ದನಿ "ಬಂದೆ, ಬಂದೆ" ಎಂದು ಓಗೊಡದ ಹೊರತು ಅಲ್ಲಿನ ಯಾವ ಮಗುವೂ ಮನೆ ಸೇರುತ್ತಿರಲಿಲ್ಲ.

ಕೂಸಿನ ಮನೆ ಶುರುವಾದದ್ದು ಯಾರದೋ ದೊಡ್ಡ ಮನಸ್ಸಿನಿಂದ ಅಲ್ಲ. ಈಗ ವರ್ಷಕ್ಕೊಮ್ಮೆ ಹೂವಿನ ಹಾರ ಹಾಕಿಸಿಕೊಂಡು ಭಾಷಣ ಮಾಡುವವರು ಹಾಗೆಂದರೆ ನಂಬಬೇಡಿ. ಬೆಟ್ಟದ ಮೇಲಿನ ಊರುಗಳಲ್ಲಿ ಬಂದೂಕಿನ ಕಾಟ ತಾಳಲಾರದೆ ಓಡಿಬಂದ ಜನ ಖಾಲಿ ಮರಳಿನ ಮೇಲೆ ಜೊಂಡಿನ ಚಾಪೆಗಳನ್ನೇ ಗೋಡೆಯಾಗಿ ನಿಲ್ಲಿಸಿಕೊಂಡು ಕೂತಿದ್ದರು. ಚಾಪೆಯೊಳಗೆ ಹಗಲು ಯಾರೂ ಇಲ್ಲವೆಂದು ಕಂಡರೆ ಸಾಕು, ಇನ್ನೊಬ್ಬರು ಬಂದು ಅದನ್ನು ಕಿತ್ತು ತಮ್ಮದನ್ನು ನೆಡುತ್ತಿದ್ದರು. ಹಾಗೆಂದು ಮನೆಯಲ್ಲೇ ಕೂತರೆ ಹೊಟ್ಟೆಗೇನು? ಗಂಡಸರು ಗಾರೆ ಕೆಲಸಕ್ಕೆ, ಹೆಂಗಸರು ಕಂಡವರ ಬಟ್ಟೆ ಒಗೆಯುವುದಕ್ಕೆ, ಬಂದರಿನಲ್ಲಿ ಮೀನು ಸೀಳುವುದಕ್ಕೆ ಕೆಳಗಿಳಿಯಲೇಬೇಕು.

ಲಿಬೊರಿಯಾಳ ಎಡಗಾಲು ಹುಟ್ಟಿನಿಂದಲೇ ಕುಂಟು. ಗುಡ್ಡ ಇಳಿದು ಹತ್ತುವುದು ಅವಳಿಂದ ಆಗದ ಮಾತು. ಗಂಡನೆಂಬುವನು ಲೀಮಾ ಮುಟ್ಟಿದ ಹೊಸದರಲ್ಲೇ ಬೇರೊಬ್ಬಳ ಚಾಪೆ ಸೇರಿಕೊಂಡಿದ್ದ. ಮಕ್ಕಳಿರಲಿಲ್ಲ. ನೆರೆಯ ಕ್ರಿಸಾಂತಾ, ಬಾಯಿ ಜೋರಿನವಳು, ಒಂದು ಬೆಳಿಗ್ಗೆ ತನ್ನ ಎರಡು ಮಕ್ಕಳನ್ನು ತಂದು ಅವಳ ಮುಂದೆ ಕುಳ್ಳಿರಿಸಿದಳು.

"ನೀನು ಹೇಗಿದ್ರೂ ಕೂತೇ ಇರ್ತೀಯಲ್ಲ. ಇವನ್ನೂ ಕೂರಿಸ್ಕೋ. ನನ್ನ ಚಾಪೆ ಕಡೆ ಒಂದು ಕಣ್ಣಿರಲಿ."

"ನಾನೇನು ಪೊಲೀಸಾ?"

"ಪೊಲೀಸಾಗಿದ್ರೆ ನಿನ್ನ ಹತ್ರ ಮಕ್ಕಳನ್ನ ಬಿಡ್ತಿದ್ನಾ? ಸುಮ್ನಿರೇ."

ಮರುದಿನ ಇನ್ನಿಬ್ಬರು ತಂದು ಬಿಟ್ಟರು. ಆಮೇಲೆ ಸಾಲೇ ಹಿಡಿಯಿತು. ಲಿಬೊರಿಯಾ ಒಂದು ಉಪಾಯ ಮಾಡಿದಳು. ಮಕ್ಕಳೆಲ್ಲ ಒಂದು ಉದ್ದ ಹಗ್ಗ ಹಿಡಿದುಕೊಳ್ಳಬೇಕು. ಅವಳು ಮುಂದೆ ಕುಂಟುತ್ತಾ, ಸಣ್ಣದನ್ನು ಬೆನ್ನಿಗೆ ಕಟ್ಟಿಕೊಂಡು, ಚಾಪೆಯಿಂದ ಚಾಪೆಗೆ ಹೊರಡುತ್ತಿದ್ದಳು. ಒಂದರಲ್ಲಿ ಓಟ್ಸ್ ಗಂಜಿ, ಇನ್ನೊಂದರಲ್ಲಿ ಆಟ, ಮತ್ತೊಂದರಲ್ಲಿ ನಿದ್ದೆ. ಹೋದಲ್ಲೆಲ್ಲ ಒಲೆ ಹೊತ್ತಿಸಿ ಒಂದಿಷ್ಟು ಹೊಗೆ ಎಬ್ಬಿಸುವಳು, ಮಕ್ಕಳ ಕೈಯಲ್ಲಿ ಒಂದಿಷ್ಟು ಗದ್ದಲ ಮಾಡಿಸುವಳು. ಹೀಗೆ ಇಡೀ ಗುಡ್ಡಕ್ಕೆ ಹಗಲಿಡೀ ಜೀವವಿದೆಯೆಂದು ಹೊರಗಿನವರಿಗೆ ತೋರುತ್ತಿತ್ತು. ಮಂಜಿನಲ್ಲಿ ಹಗ್ಗ ಹಿಡಿದು ಹೋಗುವ ಆ ಪುಟ್ಟ ಮೆರವಣಿಗೆ ಕಂಡು, ಕೂಸುಗಳು ಮೋಡದ ಮೇಲೆ ನಡೆಯುತ್ತಿವೆಯೋ ಎಂದು ನೀರಿನ ಟ್ಯಾಂಕರಿನವನೇ ಎದೆ ಮುಟ್ಟಿಕೊಂಡಿದ್ದನಂತೆ.

ಸಂಜೆ ಗುಡ್ಡ ಹತ್ತಿ ಬರುವ ತಾಯಂದಿರಿಗೆ ಈಗ ಮಕ್ಕಳು ಯಾವ ಚಾಪೆಯಲ್ಲಿವೆ ಎಂದು ತಿಳಿಯುತ್ತಿರಲಿಲ್ಲ. ಕೆಳಗಿನಿಂದಲೇ ತಮ್ಮ ಮಗುವಿನ ಹೆಸರು ಹಿಡಿದು ಕೂಗುವರು. ಮೇಲಿನಿಂದ ಲಿಬೊರಿಯಾ ಮಗುವಿನ ಪರವಾಗಿ "ಬಂದೆ, ಬಂದೆ" ಎನ್ನುವಳು. ಇದು ದಾರಿ ತೋರುವುದಕ್ಕೆ. ಆದರೆ ನಮ್ಮ ಬೆಟ್ಟದವರಲ್ಲಿ ಇನ್ನೊಂದು ನಡವಳಿಕೆ ಮೊದಲಿನಿಂದಲೂ ಇದೆ. ಮಗುವಿನ ಜೀವ ಇನ್ನೂ ಮೈಗೆ ಸರಿಯಾಗಿ ಅಂಟಿರುವುದಿಲ್ಲ. ಮಗು ಆಡಿದ ಜಾಗ ಬಿಟ್ಟು ಏಳುವಾಗ ತಾಯಿ ಹೊಸ್ತಿಲಾಚೆ ನಿಂತು ಹೆಸರು ಹಿಡಿದು ಕರೆಯದಿದ್ದರೆ ಮೈ ಮನೆಗೆ ಬರುತ್ತದೆ, ಜೀವ ಅಲ್ಲೇ ಆಡುತ್ತಾ ಉಳಿದುಬಿಡುತ್ತದೆ. ಆಮೇಲೆ ಮಗು ಉಣ್ಣುವುದಿಲ್ಲ, ನಗುವುದಿಲ್ಲ, ನಿದ್ದೆಯಲ್ಲಿ ಬೆಚ್ಚುತ್ತದೆ. ಎರಡೂ ಕೂಗು ಕೂಡಿ ಒಂದಾದದ್ದು ಯಾವಾಗ ಎಂದು ಯಾರಿಗೂ ನೆನಪಿಲ್ಲ. ತಾಯಿ ಕರೆಯಬೇಕು, ಲಿಬೊರಿಯಾ ಓಗೊಡಬೇಕು, ಆಗಲೇ ಮಗು ಪೂರ್ತಿ ಹೊರಟಂತೆ. ಗುಡ್ಡದ ಕಟ್ಟಳೆಯೇ ಅದಾಯಿತು.

ಕೆಲವು ವರ್ಷಕ್ಕೆ ಜಾಗದ ಭಯ ಕಳೆಯಿತು. ಗಂಡಸರು ಸಭೆ ಸೇರಿ, ಮಟ್ಟಸವಾದ ಒಂದೇ ಒಂದು ಜಾಗದಲ್ಲಿ ಫುಟ್‌ಬಾಲ್ ಮೈದಾನವೋ ಚರ್ಚೋ ಎಂದು ಕಿತ್ತಾಡುತ್ತಿದ್ದರು. ಅವರ ವಾದ ಮುಗಿಯುವಷ್ಟರಲ್ಲಿ ಕ್ರಿಸಾಂತಾ ಹೆಂಗಸರನ್ನು ಕಟ್ಟಿಕೊಂಡು ಹೋಗಿ ಅಲ್ಲಿ ಕಲ್ಲು ಜೋಡಿಸಿಬಿಟ್ಟಿದ್ದಳು. ಭಾನುವಾರಗಳಲ್ಲಿ ಮನೆಗೊಬ್ಬರಂತೆ ಬಂದು, ಕೆಳಗಿನಿಂದ ಮೇಲಕ್ಕೆ ಸಾಲಾಗಿ ನಿಂತು, ಕೈಯಿಂದ ಕೈಗೆ ಕಲ್ಲು ದಾಟಿಸಿದರು. ಮೊದಲು ಚಾಪೆಯ ಗೋಡೆ, ಆಮೇಲೆ ಹಲಗೆಯದು, ಬಹಳ ತಡವಾಗಿ ಇಟ್ಟಿಗೆಯದು. ಮಕ್ಕಳಿಗೊಂದು ಮನೆಯಾಯಿತು. ಲಿಬೊರಿಯಾಳ ಕಾಲಿಗೆ ಬಿಡುವಾಯಿತು.

ಮಧ್ಯಾಹ್ನ ಮಕ್ಕಳನ್ನು ಮಲಗಿಸುವ ಹೊತ್ತೆಂದರೆ ಅವಳಿಗೆ ಎಲ್ಲಕ್ಕಿಂತ ಇಷ್ಟ. ಪ್ರತಿ ತಾಯಿಯೂ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬಂದ ಪಟ್ಟೆಪಟ್ಟೆಯ ಉಣ್ಣೆಯ ಹೊದಿಕೆಯನ್ನು ಅಲ್ಲೇ ಬಿಟ್ಟು ಹೋಗುವಳು. ಮಗು ಅದರ ಮೇಲೆಯೇ ಅಮ್ಮನ ವಾಸನೆ ಹೀರುತ್ತಾ ಮಲಗುವುದು. ಹಲಗೆಗಳ ಸಂದಿನಿಂದ ಮಂಜು ಮೆಲ್ಲಗೆ ಒಳಗೆ ಬಂದು ನೆಲದುದ್ದಕ್ಕೂ ಹರಡಿಕೊಳ್ಳುವುದು. ನಡುವೆ ಕಾಲು ಚಾಚಿ ಕೂತ ಲಿಬೊರಿಯಾ ಕದಿರು ತಿರುಗಿಸಿ ನೂಲು ತೆಗೆಯುತ್ತಾ, ಹಾಡೂ ಅಲ್ಲದ ಮಾತೂ ಅಲ್ಲದ ಏನನ್ನೋ ಗುನುಗುತ್ತಾ ತಾನೂ ಅರ್ಧ ನಿದ್ದೆಗೆ ಜಾರುವಳು. ಆ ಮನೆಯಲ್ಲಿ ಕನಸುಗಳೂ ಕಲಸಿಹೋಗುತ್ತಿದ್ದವು ಎಂದು ಅವಳು ಆಣೆ ಮಾಡಿ ಹೇಳುತ್ತಿದ್ದಳು. ಲೀಮಾದಲ್ಲೇ ಹುಟ್ಟಿ ಕುದುರೆಯನ್ನೇ ಕಾಣದ ಮಗು ಎದ್ದು, ಕುದುರೆ ನನ್ನ ಟೋಪಿ ತಿಂದಿತು ಎಂದು ಅಳುತ್ತಿತ್ತಂತೆ. ಬೆಟ್ಟದಿಂದ ಹೊಸದಾಗಿ ಬಂದದ್ದು ಪಕ್ಕದಲ್ಲೇ ಏನೂ ಅರಿಯದಂತೆ ಬೆರಳು ಚೀಪುತ್ತಾ ಮಲಗಿರುತ್ತಿತ್ತಂತೆ. ನಿಜವೋ ಸುಳ್ಳೋ, ಅವಳು ಹೇಳುವಾಗ ನಂಬದೆ ಇರಲಾಗುತ್ತಿರಲಿಲ್ಲ.

ಆದರೆ ಸಂಜೆ ಆಗದೆ ಬಿಡುತ್ತದೆಯೇ? ಒಬ್ಬೊಬ್ಬ ತಾಯಿಯೂ ಬರುವಳು, ಹೊದಿಕೆ ಕೊಡವಿ ಮಗುವನ್ನು ಕಟ್ಟಿಕೊಳ್ಳುವಳು, ಹೊಸ್ತಿಲಾಚೆ ನಿಂತು ಕರೆಯುವಳು. ಲಿಬೊರಿಯಾ "ಬಂದೆ, ಬಂದೆ" ಎನ್ನುವಳು. ಹಗಲೆಲ್ಲ ಮಡಿಲು ತುಂಬಿಕೊಂಡಿದ್ದವಳು, ದನಿಗೂಡಿಸಿ, ತಾನೇ ಒಂದೊಂದನ್ನೇ ಕಳಿಸಿಕೊಡಬೇಕು. ಕೊನೆಯ ಮಗು ಹೋದ ಮೇಲೆ ಆ ಮನೆ ಎಷ್ಟು ದೊಡ್ಡದಾಗುತ್ತಿತ್ತೆಂದು ಅವಳೊಬ್ಬಳಿಗೆ ಗೊತ್ತು. 

ನೊಯೆಮಿ ಎಂಬ ಕೂಸು ಬಂದದ್ದು ಹಲಗೆಗೋಡೆಯ ಕಾಲದಲ್ಲಿ. ತಾಯಿ ತೆಯೋಫಿಲಾ ಬಂದರಿನಲ್ಲಿ ಮೀನು ಸೀಳುವ ಹುಡುಗಿ, ತಾನೇ ಇನ್ನೂ ಮಗುವಿನಂತಿದ್ದಳು. ಕೂಸು ಇನ್ನೂ ಕುತ್ತಿಗೆ ನಿಲ್ಲದ್ದು. ಬೇರೆಲ್ಲ ಮಕ್ಕಳು ಹೊದಿಕೆಯ ಮೇಲೆ ಮಲಗಿದರೆ ಇದಕ್ಕೆ ಲಿಬೊರಿಯಾಳ ಕುಂಟುಗಾಲೇ ಆಗಬೇಕು. ಆ ಕಾಲಿನ ಬಾಗು ಅದರ ಬೆನ್ನಿಗೆ ಅಚ್ಚಾಗಿ ಕೂರುತ್ತಿತ್ತು. ಬೆಳೆದು ನಡೆದಾಡುವಂತಾದ ಮೇಲೆ ಅದೂ ಎಡಗಾಲು ಎಳೆದುಕೊಂಡೇ ನಡೆಯಿತು. ತೆಯೋಫಿಲಾ ಗಾಬರಿಯಾಗಿ ಓಡಿಬಂದಳು.

"ದೊಡ್ಡಮ್ಮಾ, ಮಗು ಕಾಲಿಗೆ ಏನೋ ಆಗಿದೆ!"

"ಏನೂ ಆಗಿಲ್ಲ ಕಣೇ," ಎಂದು ಕ್ರಿಸಾಂತಾ ನಕ್ಕಳು. "ನಡೆಯೋದಂದ್ರೇ ಹಾಗೆ ಅಂದ್ಕೊಂಡಿದೆ. ಯಾರನ್ನ ನೋಡಿ ಕಲೀತು ಹೇಳು?"

ಎಲ್ಲರೂ ನಕ್ಕರು. ಲಿಬೊರಿಯಾಳೂ ನಕ್ಕಳು. ಆದರೆ ಅವಳ ಹೊಟ್ಟೆಯೊಳಗೆ ತಂಪಾದ ಏನೋ ಒಂದು ಇಳಿದು ಕೂತಿತು. ತನ್ನದೊಂದನ್ನು ಈ ಭೂಮಿಯ ಮೇಲೆ ಯಾರಾದರೂ ಬೇಕೆಂದು ತೆಗೆದುಕೊಂಡದ್ದು ಅದೇ ಮೊದಲು.

ಮಗುವಿಗೆ ನಾಲ್ಕು ತುಂಬಿ, ಮಾತು ಅರಳು ಹುರಿದಂತೆ ಸಿಡಿಯುತ್ತಿದ್ದ ಕಾಲಕ್ಕೆ ತೆಯೋಫಿಲಾಳ ಗಂಡನಿಗೆ ಉತ್ತರದ ಚಿಂಬೋತೆ ಬಂದರಿನಲ್ಲಿ ದೋಣಿಯ ಕೆಲಸ ಸಿಕ್ಕಿತು. ಹೊರಡುವ ಸಂಜೆ ತೆಯೋಫಿಲಾ ಗಂಟುಮೂಟೆ ಕೆಳಗಿಟ್ಟು ಬಂದು ಲಿಬೊರಿಯಾಳನ್ನು ತಬ್ಬಿಕೊಂಡು ಅತ್ತಳು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡಳು. ಹೊಸ್ತಿಲಾಚೆ, ಮಂಜಿನಲ್ಲಿ ನಿಂತು ಕರೆದಳು.

"ನೊಯೆಮೀ, ಬಾ ಮಗಳೇ, ಹೋಗೋಣ. ಉಳ್ಕೋಬೇಡ."

ಕೆಳಗೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು, ಗಂಡ ಬೊಬ್ಬೆ ಹೊಡೆಯುತ್ತಿದ್ದ. ಲಿಬೊರಿಯಾ ಬಾಯಿ ತೆರೆದಳು. ದನಿ ಹೊರಡುವ ಮೊದಲು ಬಾಯಿ ಮುಚ್ಚಿಕೊಂಡಳು. ಅಷ್ಟೇ. ಗದ್ದಲದಲ್ಲಿ ತೆಯೋಫಿಲಾ ಗಮನಿಸಲಿಲ್ಲ. ಎಂದಿನಂತೆ ಉತ್ತರ ಬಂದಿರಬೇಕೆಂದುಕೊಂಡು ಇಳಿದು ಹೋದಳು.

ಮಾರನೆಯ ಮಧ್ಯಾಹ್ನ ಲಿಬೊರಿಯಾ ಮಲಗಿದ ಮಕ್ಕಳ ನಡುವೆ ಒಂದು ಜಾಗ ಖಾಲಿ ಬಿಟ್ಟಳು. ಮಂಜು ಬಂದು ಅಲ್ಲಿ ಮಲಗಿತು. ಕಣ್ಣು ಅರೆಮುಚ್ಚಿದರೆ ಕಾಲಿನ ಬಾಗಿನಲ್ಲಿ ಬೆಚ್ಚಗಿನ ಒಂದು ಭಾರ ತೂಗುತ್ತಿತ್ತು. ಎಳೆದುಕೊಂಡು ನಡೆಯುವ ಪುಟ್ಟ ಹೆಜ್ಜೆ ಒಲೆಯವರೆಗೆ ಹೋಗಿ ಬಂದದ್ದು ಕೇಳುತ್ತಿತ್ತು. ಅವಳು ಯಾರಿಗೂ ಹೇಳದೆ ಅದರ ಹತ್ತಿರ ಮಾತಾಡುತ್ತಿದ್ದಳು. ಗುಡ್ಡದ ನೆತ್ತಿಯಲ್ಲಿ ಹಳದಿ ಹೂ ಅರಳಿದ ಸುದ್ದಿ ಹೇಳಿದಳು. ಸಂಜೆ ಮಕ್ಕಳೆಲ್ಲ ಹೋದ ಮೇಲೂ ಮನೆ ಈಗ ಚಿಕ್ಕದಾಗಿಯೇ ಇರುತ್ತಿತ್ತು. ತಾನು ಕದ್ದಿದ್ದೇನೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅಷ್ಟು ಸುಖವಾಗಿ ಅವಳು ಎಂದೂ ಇರಲಿಲ್ಲ. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ?

ಮಂಜು ಇನ್ನೂ ಬಿಟ್ಟಿರಲಿಲ್ಲ, ಒಂದು ಮಧ್ಯಾಹ್ನ ಬಾಗಿಲಲ್ಲಿ ತೆಯೋಫಿಲಾ ನಿಂತಿದ್ದಳು. ಉತ್ತರದಿಂದ ಬಸ್ಸು ಹಿಡಿದು ಒಬ್ಬಳೇ ಬಂದಿದ್ದಳು. ಬೆನ್ನಿನ ಹೊದಿಕೆಯಲ್ಲಿ ಏನಾದರೂ ಇದೆಯೋ ಇಲ್ಲವೋ ಎನ್ನುವಷ್ಟು ಹಗುರವಾಗಿ ನೊಯೆಮಿ. ಕಣ್ಣು ತೆರೆದೇ ಇತ್ತು, ಯಾರನ್ನೂ ನೋಡುತ್ತಿರಲಿಲ್ಲ.

"ಊಟ ಮುಟ್ಟಲ್ಲ, ದೊಡ್ಡಮ್ಮ. ಮಾತು ಬಿಟ್ಟುಬಿಟ್ಟಿದಾಳೆ. ಡಾಕ್ಟ್ರು ಏನೂ ಇಲ್ಲ ಅಂತ ಸಿರಪ್ ಕೊಟ್ರು. ಸಿರಪ್ ಬಾಟ್ಲಿ ಖಾಲಿ ಆಯ್ತು, ಇವಳೂ ಖಾಲಿ ಆಗ್ತಿದಾಳೆ. ಅವತ್ತು ಅವಸರದಲ್ಲಿ ನಾನೇ ಸರಿಯಾಗಿ ಕರೀಲಿಲ್ವೇನೋ. ನಂದೇ ತಪ್ಪು."

ಲಿಬೊರಿಯಾ ನೂಲು ಕೆಳಗಿಟ್ಟು ಎದ್ದು ಬಂದಳು. ಮಗುವಿನ ಕೈ ಮುಟ್ಟಿದಳು, ತಣ್ಣಗಿತ್ತು.

ಸುದ್ದಿ ಹಬ್ಬಿ, ಆ ದಿನ ಕೆಲಸಕ್ಕೆ ಹೋಗದಿದ್ದ ಹೆಂಗಸರೆಲ್ಲ ಬಂದು ಸೇರಿದರು. ಏನಾಗಿದೆ ಎಂದು ಯಾರೂ ಯಾರನ್ನೂ ಕೇಳಬೇಕಿರಲಿಲ್ಲ. ಜೀವ ಇಲ್ಲೇ ಉಳಿದಿದೆ, ಕರೆಯಬೇಕು. ತೆಯೋಫಿಲಾ ಮಗುವನ್ನು ಹೊತ್ತು ಹೊಸ್ತಿಲಾಚೆ ನಿಂತಳು. ಕೈಯಲ್ಲಿ ಮಗುವಿನದೊಂದು ಲಂಗ ಹಿಡಿದು ಬೀಸುತ್ತಾ ಕರೆದಳು.

"ನೊಯೆಮೀ, ಬಾ, ಹೋಗೋಣ!"

"ಬಂದೆ, ಬಂದೆ," ಎಂದಳು ಲಿಬೊರಿಯಾ. ಸದ್ದಿಲ್ಲದೆ ಕದ್ದದ್ದನ್ನು ಸದ್ದಿಲ್ಲದೆ ವಾಪಸು ಇಟ್ಟುಬಿಡೋಣ, ಯಾರಿಗೂ ತಿಳಿಯುವುದು ಬೇಡ ಎಂದು ಅವಳ ಲೆಕ್ಕ. ಈ ಮಾತು ಹೊರಗೆ ಬಿದ್ದರೆ ಯಾವ ತಾಯಿ ಇನ್ನು ತನ್ನ ಕೂಸನ್ನು ಇಲ್ಲಿ ಬಿಟ್ಟಾಳು?

ಮಗು ಕದಲಲಿಲ್ಲ. ಮತ್ತೆ ಕರೆದರು, ಮತ್ತೆ ಓಗೊಟ್ಟಳು. ತಲೆ ತಾಯಿಯ ಭುಜಕ್ಕೆ ವಾಲಿತು. ತೆಯೋಫಿಲಾಳ ದನಿ ಒಡೆಯಿತು.

"ಎಲ್ಲಿ ಸಿಕ್ಕಿಹಾಕ್ಕೊಂಡಿದೀಯೇ ನನ್ನವ್ವಾ, ಯಾವ ಮೂಲೇಲಿದೀಯ?"

ಹೆಂಗಸರು ಮೂಲೆಮೂಲೆ ಹುಡುಕತೊಡಗಿದರು. ಮಲಗಿದ ಮಕ್ಕಳನ್ನು ದಾಟಿ ದಾಟಿ ನಡೆದರು. ಒಬ್ಬಳು ಬೆಂಚಿನ ಕೆಳಗೆ ಬಗ್ಗಿ ಮುದ್ದು ಮಾಡಿ ಕರೆದಳು. ಒಬ್ಬಳು ನೀರಿನ ಡ್ರಮ್ಮಿನ ಹಿಂದೆ ಕೈಯಾಡಿಸಿದಳು. ಎಲ್ಲರಿಗೂ ಗದರುವ ಕ್ರಿಸಾಂತಾ ಒಲೆಯ ಮುಂದೆ ಮಂಡಿಯೂರಿ, ಬೂದಿಯ ಹತ್ತಿರ, "ಬಾಮ್ಮಾ, ನಿಮ್ಮಮ್ಮ ಅಳ್ತಿದಾಳೆ, ಬಾ ಬಂಗಾರ," ಎಂದು ಬೇಡಿಕೊಳ್ಳುತ್ತಿದ್ದಳು. ಅದನ್ನು ನೋಡಲು ಲಿಬೊರಿಯಾಳಿಂದ ಆಗಲಿಲ್ಲ.

"ಮೂಲೇಲಿ ಹುಡುಕ್ಬೇಡಿ," ಎಂದಳು. "ನನ್ನ ಹತ್ರ ಇದಾಳೆ."

ಕ್ರಿಸಾಂತಾ ಬೂದಿಯಿಂದ ತಲೆಯೆತ್ತಿದಳು.

"ಅವತ್ತು ತೆಯೋಫಿಲಾ ಸರಿಯಾಗೇ ಕರೆದ್ಲು. ನಾನು ಓಗೊಡ್ಲಿಲ್ಲ. ಬೇಕೂಂತಲೇ ಬಾಯಿ ಮುಚ್ಕೊಂಡೆ. ನಾನೇ ಇಟ್ಕೊಂಡೆ ಅವಳನ್ನ."

 ಹೊಲಿಗೆ ಕೆಲಸದ ಯೊಲಾಂಡಾ, ನೆಲದ ಮೇಲೆ ಮಲಗಿದ್ದ ತನ್ನ ಗಂಡುಮಗುವನ್ನು ಬಾಚಿ ಎತ್ತಿ ಎದೆಗವುಚಿಕೊಂಡಳು. "ನನ್ನದ್ರಲ್ಲಿ ಎಷ್ಟು ಇಟ್ಕೊಂಡಿದೀಯ?" ಎಂದಳು. ಆ ಮಾತು ಲಿಬೊರಿಯಾಳಿಗೆ ಹೊಡೆತಕ್ಕಿಂತ ಹೆಚ್ಚು ನಾಟಿತು. ಕ್ರಿಸಾಂತಾ ಎದ್ದು, "ಇವಳ ಬಾಯಿ ಬೇಡ, ನಾನೇ ಓಗೊಡ್ತೀನಿ, ಕರಿಯೇ ತೆಯೋಫಿಲಾ," ಎಂದು ಮುಂದೆ ಬಂದಳು.

"ಬೇಡ." ಮಂಜಿನಾಚೆಯಿಂದ ಬಂದ ತೆಯೋಫಿಲಾಳ ದನಿಯಲ್ಲಿ ಅಳು ನಿಂತುಹೋಗಿತ್ತು. "ಇಟ್ಕೊಂಡೋಳೇ ಕೊಡ್ಲಿ. ನನ್ನೆದೇಲಿ ಹಾಲಿಲ್ಲದ ಹೊತ್ತಲ್ಲಿ ಗಂಜಿ ಕುಡಿಸಿ ನೀನು ನನ್ನ ಮಗು ಉಳಿಸ್ದೆ ಅಂತ ದಿನಾ ನಿನ್ನ ಹೆಸರಲ್ಲಿ ದೀಪ ಹಚ್ತಿದ್ದೆ ನಾನು. ಕೊಡು. ನನ್ನ ಮಗೂನ ಕೊಡು ನಂಗೆ."

ಅವಳು ಕರೆದಳು. "ನೊಯೆಮೀ."

ಲಿಬೊರಿಯಾ ಬಾಗಿಲ ಕಡೆ ತಿರುಗಿದಳು. ಬಾಗಿಲಾಚೆ ಬೆಳ್ಳಗಿನ ಮಂಜು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಇಷ್ಟು ವರ್ಷ ಅವಳು ಮಕ್ಕಳ ಪರವಾಗಿ ಬಂದೆ ಎಂದಿದ್ದಳು. ಅದು ಮಗುವಿನ ಮಾತು, ಅವಳದಲ್ಲ. ತನ್ನ ಮಾತಾಗಿ ಅವಳು ಯಾವ ಮಗುವಿಗೂ ಹೋಗು ಎಂದಿರಲೇ ಇಲ್ಲ. 

"ಹೋಗು, ನೊಯೆಮಿ," ಎಂದಳು. ಮೊದಲು ಪಿಸುಮಾತಾಗಿ ಬಂತು. ಆಮೇಲೆ ಗುಡ್ಡಕ್ಕೆಲ್ಲ ಗೊತ್ತಿದ್ದ ಆ ದೊಡ್ಡ ದನಿಯಲ್ಲಿ ಬಂತು. "ಹೋಗಮ್ಮ. ನಾನು ನಿನ್ನ ತಾಯಲ್ಲ. ಅಲ್ಲಿ ನಿಂತಿದಾಳಲ್ಲ, ಅವಳು ನಿನ್ನ ತಾಯಿ. ನನ್ನ ಹತ್ರ ಇರಬೇಡ. ಹೋಗು ಮಗಳೇ, ಹೋಗು."

ಕಾಲಿನ ಬಾಗಿನಲ್ಲಿ ಇಷ್ಟು ದಿನ ತೂಗುತ್ತಿದ್ದ ಭಾರ ಇಳಿಯಿತು. ಅದು ಇಳಿದದ್ದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು. ಹಿಡಿದುಕೊಳ್ಳಲು ಹೋದ ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಳು.

 ಆಮೇಲೆ ಮಂಜಿನೊಳಗಿನಿಂದ ಸಣ್ಣದಾಗಿ, ನಿದ್ದೆಯಿಂದ ಎದ್ದವರ ಸಿಡುಕಿನಲ್ಲಿ, ಒಂದು ದನಿ ಬಂತು.

"ಅಮ್ಮಾ, ಹಸಿವು."

ಹೆಂಗಸರು ಅಳುತ್ತಲೂ ನಗುತ್ತಲೂ ಒಬ್ಬರ ಮೇಲೊಬ್ಬರು ಬಿದ್ದು ಹೊರಗೆ ನುಗ್ಗಿದರು. ಯೊಲಾಂಡಾ ಬಾಗಿಲವರೆಗೆ ಹೋದವಳು ತಿರುಗಿ ಬಂದಳು. ಲಿಬೊರಿಯಾಳ ಮುಖವನ್ನು ನೋಡಿದಳು.  ಎದೆಗವುಚಿಕೊಂಡಿದ್ದ ಮಗುವನ್ನು ಮತ್ತೆ ಅದರ ಹೊದಿಕೆಯ ಮೇಲೆ ಮಲಗಿಸಿ, ಅಂಚು ಎಳೆದು ಮುಚ್ಚಿ, ಓಡಿದಳು.

ಲಿಬೊರಿಯಾ ಒಲೆಯ ಹತ್ತಿರ ಹೋಗಿ ಮಧ್ಯಾಹ್ನದ ಗೋಧಿಸಾರನ್ನು ಬಿಸಿ ಮಾಡಿದಳು. ಅದರಲ್ಲಿದ್ದ ಆಲೂಗೆಡ್ಡೆಯನ್ನು ಬೆರಳಿನಲ್ಲೇ ಹಿಸುಕಿದಳು, ಊದಿದಳು, ತುಟಿಗೆ ತಾಗಿಸಿ ಬಿಸಿ ನೋಡಿದಳು. ಬಟ್ಟಲು ಹಿಡಿದು ಬಾಗಿಲವರೆಗೆ ಕುಂಟುತ್ತಾ ಬಂದಳು. ಹೊರಗೆ ಮಗುವಿನ ಮಾತು ಈಗ ಚೆನ್ನಾಗಿ ಕೇಳುತ್ತಿತ್ತು. ಅದು ಯಾರಿಗೋ ಬೈಯುತ್ತಿತ್ತು. ಒಂದೇ ಹೆಜ್ಜೆ ದಾಟಿದ್ದರೆ ಆ ಮುಖ ಕಾಣುತ್ತಿತ್ತು. ಅವಳು ದಾಟಲಿಲ್ಲ. ಒಳಗೆ ಬರುತ್ತಿದ್ದ ಕ್ರಿಸಾಂತಾಳ ಕೈಗೆ ಬಟ್ಟಲು ಕೊಟ್ಟಳು.

"ನೀನೇ ತಗೊಂಡ್ಹೋಗು," ಎಂದಳು. "ನನ್ನ ನೋಡಿದ್ರೆ ಮತ್ತೆ ಬಂದ್ಬಿಡ್ತಾಳೆ."